ಒಡಪು ಕೇಳಿಸಬೇಕು

ನನ್ನ ಅಣ್ಣನಿಗೆ ಉಗಾರ ಖುರ್ದದಲ್ಲಿ ಒಂದು ಫೋಟೊ ಸ್ಟುಡಿಯೊ ಇದೆ. ಸ್ಟುಡಿಯೊ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ರಸ್ತೆಗೆ ಮುಖ ಮಾಡಿದ ಒಂದು ಖೋಲಿ, ಪರದೆಯ ಹಿಂದೆ ಕಂಪ್ಯೂಟರ್ ಇಟ್ಟ ಇನ್ನೊಂದು ಖೋಲಿ, ಅದರ ಹಿಂದೆ ಅವನ ಮನೆ. ಆಧಾರ್ ಕಾರ್ಡಿನ ಫೋಟೊದಿಂದ ಹಿಡಿದು ಮದುವೆ, ಸೀಮಂತದ ಕುಬಸ, ವಾಸ್ತುಶಾಂತಿಯ ವಿಡಿಯೊದವರೆಗೆ ಎಲ್ಲ ಮಾಡುತ್ತಾನೆ. ಇಂಥ ಸ್ಟುಡಿಯೊಗಳು ಈಗ ಊರಿಗೆ ನಾಲ್ಕಿವೆ. ಆದರೂ ಶೇಡಬಾಳದಿಂದ ಐಗಳಿಯವರೆಗೆ ಜನ ಅವನನ್ನೇ ಹುಡುಕಿಕೊಂಡು ಬರುವುದಕ್ಕೆ ಒಂದೇ ಕಾರಣ. ಅವನು ಮಾಡಿದ ವಿಡಿಯೊದಲ್ಲಿ ಒಡಪು ಕೇಳಿಸುತ್ತದೆ.

ಒಡಪು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಮಾತ್ರ, ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ, ನಾದಿನಿಯರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳಿ ಒಳಗ ಬಾ" ಎಂದು ಕಾಡುತ್ತಾರೆ. ಆಗ ಅವಳು ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲಿ ಇದಕ್ಕೇ ಉಖಾಣಾ ಅನ್ನುತ್ತಾರೆ. ಅದನ್ನು ಹೇಳುವ ಹೊತ್ತಿಗೆ ಅಂಗಳದಲ್ಲಿ ಬ್ಯಾಂಡಿನವರು ಎದೆ ನಡುಗುವ ಹಾಗೆ ಬಾರಿಸುತ್ತಿರುತ್ತಾರೆ. ಜನರೇಟರ್ ಗುಡುಗುತ್ತಿರುತ್ತದೆ. ಹುಡುಗಿ ಪಾಪ ನಾಚಿ, ತಲೆ ಬಗ್ಗಿಸಿ, ಸೆರಗಿನೊಳಗೇ ಗೊಣಗಿ ಮುಗಿಸಿಬಿಡುತ್ತಾಳೆ. ಇನ್ನೊಮ್ಮೆ ಹೇಳು ಅನ್ನುವ ಪದ್ಧತಿ ಇಲ್ಲ. ಒಮ್ಮೆ ಹೇಳಿದ್ದು ಹೇಳಿದ್ದು. ಹಾಗಾಗಿ ವಿಡಿಯೊ ಮನೆಗೆ ಬಂದ ದಿನ ಬೀಗರು ಬಿಜ್ಜರೆಲ್ಲ ಟಿವಿ ಮುಂದೆ ಕೂತು ಕಾಯುವುದು ಆ ಜಾಗಕ್ಕೇ.

ಅಣ್ಣನಿಗೆ ಈ ಹುಚ್ಚು ಹತ್ತಿದ್ದು ಅವನದೇ ಮದುವೆಯಿಂದ. ಅವನ ಮದುವೆಯ ಕ್ಯಾಸೆಟ್ಟಿನಲ್ಲಿ ಅವನ ಹೆಂಡತಿ, ಅಂದರೆ ನನ್ನ ವೈನಿ, ಹೊಸ್ತಿಲ ಮೇಲೆ ನಿಂತು ತುಟಿ ಅಲುಗಿಸುವುದು ಕಾಣುತ್ತದೆ. ಕೇಳುವುದು ಮಾತ್ರ ಬ್ಯಾಂಡು. ಅವನು ಎಷ್ಟು ಕೇಳಿಕೊಂಡರೂ ವೈನಿ ಏನು ಹೇಳಿದ್ದೆ ಅಂತ ಬಾಯಿ ಬಿಡಲಿಲ್ಲ. "ನನ್ನ ಹೆಸರ ಹೇಳ್ಯಾಳೋ, ಆ ಬ್ಯಾಂಡ ಮಾಸ್ತರನ ಹೆಸರ ಹೇಳ್ಯಾಳೋ ದೇವರಿಗೇ ಗೊತ್ತ" ಎಂದು ಅಣ್ಣ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ವೈನಿ ಒಳಗಿನಿಂದಲೇ "ಒಮ್ಮೆ ಹೇಳೇನಿ, ಮುಗೀತ" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಇದು ಹಳೆಯ ನಗೆ.

ಇನ್ನು ನನ್ನ ಕೆಲಸ. ನನ್ನ ಗಂಡನ ನೌಕರಿ ರಾಯಬಾಗದಲ್ಲಿ. ನಾನು ಅಲ್ಲಿಯ ಮನೆಯಲ್ಲೇ ಕೂತು, ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಮಾಡುವ ಒಂದು ತಂಡಕ್ಕೆ ಕೆಲಸ ಮಾಡುತ್ತೇನೆ. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಅದನ್ನು ಒತ್ತಿದರೆ ಏನಾಗಬೇಕು, ಬಳಸುವವರಿಗೆ ಏನು ಕಾಣಬೇಕು ಅನ್ನುವುದನ್ನು ಯೋಚಿಸಿ ರಚಿಸುವುದು ನನ್ನ ಪಾಲಿನದು. ನಮ್ಮ ಅತ್ತೆಗೆ ಇದನ್ನು ತಿಳಿಸಿ ಹೇಳಿ ಹೇಳಿ ಸಾಕಾಯಿತು. ಓಣಿಯವರು ಕೇಳಿದರೆ ಆಕೆ "ನಮ್ಮ ಸೊಸಿ ಕಂಪ್ಯೂಟರ್‌ಗೆ ಗುಂಡಿ ಹಚ್ಚತಾಳ" ಅನ್ನುತ್ತಾಳೆ. ಒಬ್ಬಾಕೆ ಗುಂಡಿ ಕಿತ್ತುಹೋದ ಜಂಪರ್ ತಂದು ನನ್ನ ಕೈಗೆ ಕೊಟ್ಟೇಬಿಟ್ಟಿದ್ದಳು.

ಒಂದು ವರ್ಷ ನನಗೆ ಬಂದ ಕೆಲಸ ಆಡಿಯೊ ಫಿಲ್ಟರಿನ ಕೀಫ್ರೇಮಿನದು. ಫಿಲ್ಟರ್ ಅಂದರೆ ಸದ್ದನ್ನು ಸೋಸುವ ಸಾಣಿಗೆ. ಬ್ಯಾಂಡಿನ ದಪ್ಪ ಸದ್ದು ತೆಗೆ, ಮಾತಿನ ಸದ್ದು ಎತ್ತು ಅಂದರೆ ಅದು ಮಾಡುತ್ತದೆ. ಆದರೆ ಹಾಗೇ ಬಿಟ್ಟರೆ ಇಡೀ ವಿಡಿಯೊದ ಬ್ಯಾಂಡನ್ನೆಲ್ಲ ತೆಗೆದುಬಿಡುತ್ತದೆ, ಮದುವೆ ಮನೆ ಬಿಕೋ ಅನ್ನುತ್ತದೆ. ಒಡಪು ಹೇಳುವಷ್ಟು ಹೊತ್ತು ಮಾತ್ರ ಸೋಸು, ಆಮೇಲೆ ಬಿಡು ಅಂತ ಅದಕ್ಕೆ ಹೇಳಬೇಕಲ್ಲ, ಅದಕ್ಕೇ ಕೀಫ್ರೇಮ್. ಬಟ್ಟೆ ಒಣಹಾಕಲು ಎರಡು ಗೂಟ ನೆಟ್ಟು ಹಗ್ಗ ಕಟ್ಟುತ್ತೇವಲ್ಲ, ಹಾಗೆ. ಇಲ್ಲೊಂದು ಗೂಟ, ಅಲ್ಲೊಂದು ಗೂಟ ನಾವು ನೆಡಬೇಕು, ನಡುವಿನ ಹಗ್ಗವನ್ನು ಸಾಫ್ಟ್‌ವೇರೇ ಎಳೆಯುತ್ತದೆ. ಅಣ್ಣ ಕೀಫ್ರೇಮ್ ಅನ್ನುವ ಶಬ್ದವನ್ನು ಎಂದೂ ಬಳಸಲಿಲ್ಲ, ಅವನಿಗೆ ಅದು ಗೂಟವೇ.

ನಾನು ಮೊದಲು ರಚಿಸಿದ್ದು ಬಹಳ ಸರಳವಾದದ್ದು. ಸರಿಸುವುದಕ್ಕೆ ಒಂದು ಸ್ಲೈಡರು, ಅದರ ಪಕ್ಕದಲ್ಲಿ ಗೂಟ ನೆಡುವ ಒಂದು ಸಣ್ಣ ಗುಂಡಿ, ಅಷ್ಟೇ. ಸದ್ದಿನ ಕೆಲಸ ಕಿವಿಯಿಂದ ಆಗಬೇಕು, ಪರದೆಯ ಮೇಲೆ ಗೆರೆ ಗೀಟು ತುಂಬಿದರೆ ಜನ ಕೇಳುವುದನ್ನು ಬಿಟ್ಟು ನೋಡುತ್ತ ಕೂರುತ್ತಾರೆ ಅನ್ನುವುದು ನನ್ನ ವಾದವಾಗಿತ್ತು. ತಂಡದವರೂ ಹೌದೆಂದಿದ್ದರು. ಯಾವುದನ್ನೇ ಮಾಡಿದರೂ ನಾನು ಅದನ್ನು ಮೊದಲು ಅಣ್ಣನಿಗೆ ಕೊಟ್ಟು, ಅವನ ಹಿಂದೆ ಕುರ್ಚಿ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಬಾಯಿ ಮುಚ್ಚಿಕೊಳ್ಳುವುದೇ ನನಗೆ ಕಷ್ಟದ ಭಾಗ.

ಕಬ್ಬು ನುರಿಸುವ ಹಂಗಾಮು ಅದು. ರಾಯಬಾಗದಿಂದ ಪ್ಯಾಸೆಂಜರ್ ರೈಲಿಗೆ ಹೋದೆ. ಉಗಾರದಲ್ಲಿ ಇಳಿದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಕಾಕಂಬಿಯ ವಾಸನೆ, ಸಕ್ಕರೆ ಕಾರ್ಖಾನೆಯ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಆ ಊರಿನವರಿಗೆ ಆ ಸದ್ದು ಕೇಳುವುದೇ ಇಲ್ಲ, ಅಷ್ಟು ರೂಢಿ. ಅಣ್ಣ ಮಾತ್ರ ಆವತ್ತು ನಾನು ಚಪ್ಪಲಿ ಬಿಡುವ ಮೊದಲೇ "ಈ ಕಾರ್ಖಾನಿ ಸಪ್ಪಳ ಈ ವರ್ಷ ಬಾಳ ಆಗೇತಿ ನೋಡ, ತಲಿ ಚಿಟ್ ಹಿಡೀತೈತಿ" ಅಂದ. ನಾನು ಹೂಂ ಅಂದೆ. ಚಹಾ ಕುಡಿದು ಇಬ್ಬರೂ ಕಂಪ್ಯೂಟರ್ ಮುಂದೆ ಕೂತೆವು.

ಸ್ವಲ್ಪ ಹೊತ್ತಿಗೇ ಅವನು ನನ್ನ ಕಡೆ ತಿರುಗಿ ಕೂತು ತಗಾದೆ ತೆಗೆದ.

"ಇದರಾಗ ಗೂಟ ಎಲ್ಲಿ ಅದಾವ ಬೇ? ಒಂದೂ ಕಾಣವಲ್ದು."

"ಕಾಣೂದ್ಯಾಕ ಅಣ್ಣಾ? ಕೇಳಿ ಹಾಕ. ಸಪ್ಪಳದ ಕೆಲಸಕ್ಕ ಕಿವಿ ಇದ್ದರ ಸಾಕ."

"ಕಿವಿ ನೀ ಇಟ್ಕೋ. ನನಗ ಗೆರಿ ಬೇಕ. ಸಪ್ಪಳ ಎಲ್ಲಿ ಎದ್ದೈತಿ, ಗೂಟ ಎಲ್ಲಿ ಬಿದ್ದೈತಿ, ಎರಡೂ ಒಂದ ಕಡೆ ಕಣ್ಣಿಗೆ ಕಾಣಬೇಕ. ಇಲ್ಲಾಂದ್ರ ಇದನ್ನ ತಗೊಂಡ ಹೋಗಿ ನಿಮ್ಮ ಅತ್ತಿಯವ್ವಗ ಕೊಡ."

ನನಗೆ ಮೈ ಉರಿಯಿತು. ಇಪ್ಪತ್ತು ವರ್ಷದ ಅನುಭವದವನು, ಸದ್ದು ಕೇಳುವುದಕ್ಕೂ ಸೋಮಾರಿತನವೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಾಯಿಯಲ್ಲೂ ಸ್ವಲ್ಪ ಬೈದೆ. ಅವನು ಅಷ್ಟರಲ್ಲಿ ಪರದೆಯ ಕಡೆ ತಿರುಗಿದ್ದ. ಯಾವುದೋ ಮದುವೆಯ ಒಡಪಿನ ಜಾಗಕ್ಕೆ ಬಂದಿದ್ದ. ಸದ್ದಿನ ಅಲೆಗಳು ಪರದೆಯ ಕೆಳಭಾಗದಲ್ಲಿ ಏರಿಳಿಯುತ್ತಿದ್ದವು. ಅವನು ಅದನ್ನು ದಿಟ್ಟಿಸಿ ನೋಡಿ, ಗುಡ್ಡದಂತೆ ಎದ್ದ ಒಂದು ಕಡೆ ಗುಂಡಿ ಒತ್ತಿ, ಇಳಿದ ಕಡೆ ಮತ್ತೊಮ್ಮೆ ಒತ್ತಿ, "ಆತ, ಫಸ್ಟ್ ಕ್ಲಾಸ್" ಅಂದ. ಆಗ ಕಂಡೆ. ಹೆಡ್‌ಫೋನು ಅವನ ಕೊರಳಲ್ಲಿತ್ತು. ಕೂತಾಗಿನಿಂದಲೂ ಅದು ಕೊರಳಲ್ಲೇ ಇತ್ತು, ಸ್ಪೀಕರು ಬಂದ್ ಆಗಿತ್ತು. ಅವನು ಒಂದು ಅಕ್ಷರವನ್ನೂ ಕೇಳಿರಲಿಲ್ಲ.

ಹಿಂದಿನಿಂದ ಮೆಲ್ಲಗೆ "ಅಣ್ಣಾ" ಎಂದು ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಕರೆದೆ. ಅವನು ಪರದೆಯನ್ನೇ ನೋಡುತ್ತಿದ್ದ. ಎದ್ದು ಅಡುಗೆಮನೆಗೆ ಹೋದೆ.

ವೈನಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿದವಳೇ ಕೈ ನಿಲ್ಲಿಸಿದಳು.

"ಗೊತ್ತಾತೇನ ನಿನಗ?" ಅಂದಳು.

"ಯಾವಾಗಿಂದ ವೈನಿ?"

"ಹೋದ ವರ್ಷದ ಮದವಿ ಸೀಜನ್‌ಗಿಂತ ಮೊದಲ. ನಾ ಕರದ್ರ ಓ ಅನ್ನೂದಿಲ್ಲ. ಮಂದಿ ಬಂದ್ರ ಬಾಯಿ ನೋಡಿ ನಕ್ಕ ತಲಿ ಆಡಸ್ತಾರ. ಮಿರಜಕ್ಕ ಹೋಗಿ ತೋರಸೂಣ ನಡೀರಿ ಅಂದ್ರ ತಾಟ ಬಿಟ್ಟ ಎದ್ದ ಹೋಗತಾರ. ನೀ ಹೇಳಿ ನೋಡ."

ಊಟಕ್ಕೆ ಅವನ ಎದುರಿಗೆ ಕೂತು ಹೇಳಿ ನೋಡಿದೆ. ಸುತ್ತಿ ಬಳಸಿ ಹೇಳುವ ಗುಣ ನನಗಿಲ್ಲ. "ನಿನಗ ಕಿವಿ ಕೇಳವಲ್ದ ಅಣ್ಣಾ, ಮಿರಜಕ್ಕ ಡಾಕ್ಟರ್ ಕಡೆ ನಡಿ" ಅಂದೆ. ಅವನು ತುತ್ತು ಕೆಳಗಿಟ್ಟ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಮೊದಲು ಬಂದದ್ದು ಹೆದರಿಕೆ. ಎದ್ದು ಹೋಗಿ ಸ್ಟುಡಿಯೊದ ಬಾಗಿಲು ಮುಂದೆ ಮಾಡಿ ಬಂದ, ಯಾರಾದರೂ ಕೇಳಿಸಿಕೊಂಡಾರು ಅಂತ.

"ಕಾರ್ಖಾನಿ ಸಪ್ಪಳಕ್ಕ ಯಾರಿಗೆ ಕೇಳತೈತಿ? ನನಗಷ್ಟ ಅಲ್ಲ. ಮತ್ತ ನೀ ಇದನ್ನ ಎಲ್ಲೂ ಆಡಬ್ಯಾಡ. ಒಡಪ ಕೇಳಸಾಂವಗ ಕಿವಿ ಇಲ್ಲಂತ ಊರಾಗ ಸುದ್ದಿ ಆದ್ರ, ಯಾರ ತಮ್ಮ ಮದವಿ ನನಗ ಕೊಡತಾರ? ಅಂಗಡಿ ಮುಚ್ಚಿ ಏನ ಮಾಡ್ಲಿ ನಾ, ಕಬ್ಬ ಕಡಿಯಾಕ ಹೋಗ್ಲಿ?"

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಹೆಸರಿನ ಮೇಲೇ ಅವನ ಮನೆ ನಿಂತಿತ್ತು. ಆ ಹೆಸರಿಗಾಗಿಯೇ ಅವನು ವರ್ಷಗಟ್ಟಲೆ ಬ್ಯಾಂಡಿನ ಬಾಯಿಗೆ ಹೋಗಿ ನಿಂತು ಶೂಟಿಂಗ್ ಮಾಡಿದ್ದ, ಈಚೆಗೆ ಡಿಜೆಯ ಆಳೆತ್ತರದ ಬಾಕ್ಸುಗಳ ಪಕ್ಕ. ದೂರ ನಿಂತರೆ ಮದುಮಗಳ ಮುಖ ಸರಿಯಾಗಿ ಬರುವುದಿಲ್ಲ ಅನ್ನುತ್ತಿದ್ದ. ವೈನಿ ಕಿವಿಗೆ ಹತ್ತಿ ಇಟ್ಟು ಕಳಿಸಿದರೆ, ಓಣಿ ದಾಟಿದೊಡನೆ ತೆಗೆದು ಎಸೆಯುತ್ತಿದ್ದನಂತೆ.

ರಾಯಬಾಗಕ್ಕೆ ಬಂದವಳೇ ನಾನು ಆ ಗೆರೆಗಾಗಿ ಜಗಳಕ್ಕೆ ನಿಂತೆ. ಸದ್ದಿನ ಅಲೆಯ ಮೇಲೆಯೇ ಗೂಟಗಳು ಕಾಣಬೇಕು, ಹಗ್ಗ ಕಾಣಬೇಕು, ಬೆರಳಿನಿಂದ ಹಿಡಿದು ಆಚೆ ಈಚೆ ಎಳೆಯಲು ಬರಬೇಕು ಎಂದೆ. ತಂಡದವರು ವಿಡಿಯೊ ಕಾಲಿನಲ್ಲಿ ನನ್ನ ಮುಖವನ್ನೇ ನೋಡಿದರು. ಮೊನ್ನೆಯವರೆಗೆ ಗೆರೆ ಬೇಡವೇ ಬೇಡ ಅಂದವರು ನೀವೇ ಅಲ್ಲವೇ, ಈಗೇನಾಯಿತು ಎಂದು ಒಬ್ಬರು ಕೇಳಿದರು. ಕಿವಿಯಿಂದ ಮಾಡುವ ಕೆಲಸಕ್ಕೆ ಇಷ್ಟೆಲ್ಲ ಚಿತ್ರ ಯಾರಿಗೆ ಬೇಕು ಎಂದು ಇನ್ನೊಬ್ಬರು. ಯಾರಿಗೆ ಅಂತ ನಾನು ಹೇಳಲಾರೆ, ಅಣ್ಣನಿಗೆ ಮಾತು ಕೊಟ್ಟಿದ್ದೆ. "ಬೇಕಾದವರು ಇದ್ದಾರೆ, ನೀವು ನೋಡಿಲ್ಲ ಅಷ್ಟೇ" ಎಂದು ಗಂಟಲು ಏರಿಸಿದೆ. ನನ್ನ ಮೂಗಿನ ತುದಿಯ ಕೋಪ ಅವರಿಗೆ ಹೊಸದಲ್ಲ. ಕೊನೆಗೆ ಬೇಸತ್ತು ಒಪ್ಪಿದರು.

ಗೆರೆ ಬಂತು. ಅಣ್ಣ ಹಬ್ಬ ಮಾಡಿದ. ಫೋನಿನಲ್ಲಿ ನನ್ನ ಮಾತು ಕೇಳದಿದ್ದರೂ ತನ್ನ ಸಂತೋಷವೆಲ್ಲ ಒದರಿದ: "ಈಗ ನೋಡ, ಕಣ್ಣಿಗೆ ಕಂಡಂಗ ಆತ. ಯಾವನ ಡಾಕ್ಟರ್ ಬ್ಯಾಡ, ಯಾರೂ ಬ್ಯಾಡ." ಗೆರೆ ಕೊಟ್ಟು ತಪ್ಪು ಮಾಡಿದೆನೇನೋ ಅನ್ನಿಸಿತು. ಮರುದಿನ ವೈನಿ ಫೋನ್ ಮಾಡಿ ಅದನ್ನೇ ನೇರವಾಗಿ ಹೇಳಿದಳು. "ನೀ ಗೆರಿ ಕೊಟ್ಟಿ, ಅವರು ಮಿರಜ ಮರತ್ರು." ಆಕೆ ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ನಾನು ತಿರುಗಿ ಜಗಳ ಆಡಬಹುದಿತ್ತು.

ಬೇಸಿಗೆಯಲ್ಲಿ ಶೇಡಬಾಳದ ಒಂದು ಜೈನ ಮನೆಯ ಮದುವೆ ಬಂತು. ದ್ರಾಕ್ಷಿ ತೋಟ ಇದ್ದ ಒಕ್ಕಲುತನದ ಮನೆ. ತಲೆತಲಾಂತರದಿಂದ ಊರಲ್ಲಿ ಮರ್ಯಾದೆ ಇರುವವರು. ಹುಡುಗಿಯನ್ನು ಅಥಣಿ ಕಡೆ ಕೊಟ್ಟಿದ್ದರು. ಅಣ್ಣ ಶೂಟಿಂಗ್ ಮುಗಿಸಿ, ಒಡಪಿನ ಜಾಗಕ್ಕೆ ಗೂಟ ನೆಟ್ಟು, ಮಳೆಗಾಲದ ಹೊತ್ತಿಗೆ ವಿಡಿಯೊ ಕೊಟ್ಟು ಬಂದ.

ಒಂದು ಮುಂಜಾನೆ ವೈನಿಯ ಫೋನು ಬಂತು. ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ಮೊದಲು ನನಗೆ ತಿಳಿಯಲಿಲ್ಲ. ಆದದ್ದು ಇಷ್ಟು. ಹುಡುಗಿಯ ತವರಿನವರು ವಿಡಿಯೊ ತೆಗೆದುಕೊಂಡು ಬೀಗರ ಮನೆಗೆ ಹೋಗಿದ್ದಾರೆ. ಎಲ್ಲರೂ ತಾಟು ಹಿಡಿದು ಟಿವಿ ಮುಂದೆ ಕೂತಿದ್ದಾರೆ. ಹುಡುಗನ ತಾಯಿ, ಹೊಸ ಬೀಗತಿ, ನಡುವೆ ಕುರ್ಚಿಯ ಮೇಲೆ. ಹೊಸ್ತಿಲ ಜಾಗ ಬಂದಿದೆ. ಡಿಜೆ ಸದ್ದು ಮೆಲ್ಲಗೆ ಇಳಿದಿದೆ. ಹುಡುಗಿ ತಲೆ ಬಗ್ಗಿಸಿದ್ದಾಳೆ. ಎಲ್ಲರೂ ಉಸಿರು ಹಿಡಿದು ಕಿವಿಗೊಟ್ಟಾಗ, ಕ್ಯಾಮೆರಾದ ಮೈಕಿನ ಪಕ್ಕ ನಿಂತಿದ್ದ ಹುಡುಗಿಯ ಸೋದರತ್ತೆ ಯಾರದೋ ಕಿವಿಯಲ್ಲಿ ಹೇಳಿದ ಮಾತು ಸ್ವಚ್ಛವಾಗಿ, ಗಂಟೆ ಬಾರಿಸಿದಂತೆ ಕೇಳಿದೆ. "ಹುಡುಗ ಚಲೋ ಅದಾನ ಖರೆ. ಅವರವ್ವನ ಬಾಯಿಗೆ ಮಾತ್ರ ನಮ್ಮ ಹುಡುಗಿ ಹೆಂಗ ಬಾಳತೈತೋ." ಅಷ್ಟು ಕೇಳಿಸಿ, ಡಿಜೆ ಮತ್ತೆ ಎದ್ದಿದೆ. ಹುಡುಗಿಯ ಒಡಪು ಅದರೊಳಗೆ ಮುಳುಗಿದೆ.

ಬೀಗತಿ ಕೈಯಲ್ಲಿನ ತಾಟು ಅಲ್ಲೇ ಇಟ್ಟು ಒಳಗೆ ಹೋದಳಂತೆ. ನಾಗರಪಂಚಮಿಗೆ ಸೊಸೆಯನ್ನು ತವರಿಗೆ ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದಳಂತೆ. ಮದುವೆಯಾದ ಮೊದಲ ಪಂಚಮಿಗೆ ಮಗಳು ಬರಲಿಲ್ಲ ಅಂದರೆ ನಮ್ಮ ಕಡೆ ತಾಯಂದಿರು ಅನ್ನ ಬಿಡುತ್ತಾರೆ.

ನನಗೂ ಮೊದಲು ನಗು ಬಂತು, ಯಾಕೆ ಸುಳ್ಳು ಹೇಳಲಿ. ಆಮೇಲೆ ಏನಾಗಿದೆ ಅಂತ ಹೊಳೆಯಿತು. ಹುಡುಗಿ ನಾಚಿ ಸುಮ್ಮನೆ ನಿಂತ ಹೊತ್ತಿನಲ್ಲಿ ಸೋದರತ್ತೆ ಮಾತಾಡಿದ್ದಾಳೆ. ಮೈಕು ಹತ್ತಿರ ಇದ್ದುದರಿಂದ ಅವಳ ಮಾತೇ ಅಲೆಯಲ್ಲಿ ಗುಡ್ಡವಾಗಿ ಎದ್ದಿದೆ. ಹುಡುಗಿಯ ಮುಖ ಸೆರಗಿನೊಳಗೆ ಇದ್ದುದರಿಂದ ತುಟಿ ಕಂಡಿಲ್ಲ. ಅಣ್ಣ ಗುಡ್ಡ ನೋಡಿ ಗೂಟ ಬಡಿದಿದ್ದಾನೆ. ಕಿವಿ ಇದ್ದ ಯಾರೂ ಮಾಡುವ ತಪ್ಪಲ್ಲ ಅದು.

"ನಾಳೆ ಹುಡುಗಿ ಅಪ್ಪ ಬರತಾರಂತ" ಅಂದಳು ವೈನಿ. "ಇವರಿಗೆ ನಾ ಇನ್ನ ಏನೂ ಹೇಳಿಲ್ಲ. ನೀ ಬಾ."

ಮರುದಿನ ಹೋದೆ. ಸ್ಟೇಷನ್ನಿನಿಂದ ನಡೆದು ಬರುವಾಗ ಊರು ಎಷ್ಟು ಶಾಂತವಾಗಿದೆ ಅನ್ನಿಸಿತು. ಕಬ್ಬಿನ ಗಾಡಿ ಇಲ್ಲ, ವಾಸನೆ ಇಲ್ಲ. ಜಿಟಿಜಿಟಿ ಮಳೆ ನಿಂತು ರಸ್ತೆಯಲ್ಲಿ ಎಮ್ಮೆಗಳು ಮಾತ್ರ ನಡೆಯುತ್ತಿದ್ದವು. ನಾನು ಬಂದ ಸ್ವಲ್ಪ ಹೊತ್ತಿಗೆ ಹುಡುಗಿಯ ಅಪ್ಪ ಬಂದರು. ಬಿಳಿ ಟೋಪಿ, ಬಿಳಿ ಧೋತರ, ಮೆತ್ತನೆಯ ಮನುಷ್ಯ. ಜಗಳಕ್ಕೆ ಬಂದವರು ಕೂಗಾಡಿದ್ದರೆ ಅಣ್ಣನಿಗೆ ತಿಳಿಯುತ್ತಿತ್ತೇನೋ. ಇವರು ನಾಚಿಕೆಯಿಂದ ತಲೆ ತಗ್ಗಿಸಿ, ನೆಲ ನೋಡುತ್ತ ಮಾತಾಡಿದರು.

"ನಿಮ್ಮ ವಿಡಿಯೊದಿಂದ ನಮ್ಮ ಮನಿ ಮರ್ಯಾದಿ ಹೋತ್ರಿ" ಅಂದರು.

ಅಣ್ಣ ಎರಡೂ ಕೈ ಜೋಡಿಸಿ ಮುಖ ಅರಳಿಸಿದ. "ಎಲ್ಲಾ ನಿಮ್ಮ ಆಶೀರ್ವಾದರಿ. ಚಲೋ ಬಂದೈತ್ರಿ ಅದು. ನಾನ ಕುಂತ ಮಾಡೇನ್ರಿ."

ಅವರು ತಲೆ ಎತ್ತಿ ಅಣ್ಣನನ್ನು ನೋಡಿದರು, ಆಮೇಲೆ ನನ್ನನ್ನು. ಅಪಹಾಸ್ಯ ಮಾಡುತ್ತಿದ್ದಾನೆ ಅಂದುಕೊಂಡು ಅವರ ಮುಖ ಕೆಂಪಾಗುವುದು ಕಂಡಿತು. ಅಣ್ಣ ಇನ್ನೂ ನಗುತ್ತಲೇ ಇದ್ದ. ಒಳಗೆ ತಿರುಗಿ "ಏ, ಯಜಮಾನರಿಗೆ ಚಹಾ ತಾ" ಎಂದು ಕೂಗಿದ. ನನಗೆ ಅದನ್ನು ನೋಡಲು ಆಗಲಿಲ್ಲ. ಅವನಿಗೆ ಕೊಟ್ಟ ಮಾತು ಅಲ್ಲೇ ಮುರಿದೆ.

"ಅವನಿಗೆ ಕಿವಿ ಕೇಳೂದಿಲ್ಲರಿ ಅಪ್ಪಾರ" ಅಂದೆ. "ನೀವು ಅಂದದ್ದು ಅವನಿಗೆ ಮುಟ್ಟಿಲ್ಲ. ತಪ್ಪ ತಿಳಕೋಬ್ಯಾಡ್ರಿ."

ನನ್ನ ಬಾಯಿಯನ್ನು ಅಣ್ಣ ನೋಡಿದ. ಬೇರೆ ಯಾವ ಮಾತು ತಿಳಿಯದಿದ್ದರೂ ಅದು ತಿಳಿಯಿತು ಅವನಿಗೆ. ನಗು ಹಾಗೇ ಮುಖದ ಮೇಲೆ ಉಳಿಯಿತು, ಅದನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗದವನಂತೆ. ಆ ಹಿರಿಯರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಿಟ್ಟೆಲ್ಲ ಇಳಿದುಹೋಗಿತ್ತು. ಕೊನೆಗೆ ನನಗೇ ಹೇಳಿದರು: "ಪಂಚಮಿಗೆ ನನ್ನ ಮಗಳು ಬರಬೇಕವಾ. ಆಕಿ ಅವತ್ತ ಒಡಪಿನಾಗ ಅತ್ತಿ ಹೆಸರನೂ ಎತ್ತಿದ್ದಳಂತ. ಅದೊಂದ ಬೀಗತಿ ಕಿವಿಗೆ ಬಿದ್ದರ ಸಾಕ. ಅಷ್ಟ ಮಾಡಿ ಕೊಡ್ರಿ." ಚಹಾ ಕುಡಿದು ಹೋದರು. ಹೋಗುವಾಗ ಅಣ್ಣನ ಭುಜದ ಮೇಲೆ ಕೈ ಇಟ್ಟು ಹೋದರು. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು ಅನ್ನಿಸುತ್ತದೆ, ಗೋಡೆಗೆ ಮುಖ ತಿರುಗಿಸಿದ.

ನಾನು ಕಂಪ್ಯೂಟರ್ ಮುಂದೆ ಕೂತು ಹೆಡ್‌ಫೋನು ಹಾಕಿಕೊಂಡೆ. ಅಣ್ಣನೇ ಕುರ್ಚಿ ಬಿಟ್ಟು ಎದ್ದಿದ್ದ, ಮೊದಲ ಸಲ. ಅವನು ನೆಟ್ಟ ಗೂಟಗಳು ಅಂಚು ಕಟ್ಟಿದಂತೆ ಅಚ್ಚುಕಟ್ಟಾಗಿದ್ದವು, ಜಾಗ ಮಾತ್ರ ಬೇರೆಯವರದು. ಮೊದಲನೆಯದನ್ನು ಹಿಡಿದು ಸೋದರತ್ತೆಯನ್ನು ದಾಟಿಸಿದೆ, ಎರಡನೆಯದನ್ನು ಅದರಾಚೆ ಎಳೆದೆ. ಸೋಸುವುದನ್ನು ಇನ್ನಷ್ಟು ಬಿಗಿ ಮಾಡಿದೆ. ಎರಡು ಮೂರು ಸಲ ಹಿಂದೆ ಮುಂದೆ ಆಡಿಸಿದ ಮೇಲೆ, ಡಿಜೆಯ ಅಡಿಯಿಂದ ಆ ಹುಡುಗಿಯ ಸಣ್ಣ ದನಿ ಮೇಲೆ ಬಂತು. ದ್ರಾಕ್ಷಿ ಬಳ್ಳಿಗೆ ಹಂದರ ಆಸರ, ಹೊಸ ಮನ್ಯಾಗ ನನಗ ಅತ್ತಿಯವ್ವ ಆಸರ ಅಂತ. ಆಮೇಲೆ ಗಂಡನ ಹೆಸರು. ಹೇಳುವಾಗ ಉಸಿರು ಸಿಕ್ಕಿಕೊಂಡದ್ದೂ ಕೇಳಿತು.

ನನ್ನ ಕಣ್ಣು ತುಂಬಿತು. ಅಣ್ಣ ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದ.

"ಏನಂದಳಾಕಿ?" ಅಂದ.

ಇಷ್ಟು ದಿನದಲ್ಲಿ ಅವನು ಯಾರನ್ನೂ ಹಾಗೆ ಕೇಳಿರಲಿಲ್ಲ. ನಾನು ಅವನ ಎಡಗಿವಿಗೆ ಬಾಯಿ ಹಚ್ಚಿ, ಒಂದೊಂದೇ ಮಾತು ಬಿಡಿಸಿ ಕೂಗಿದೆ. ಎರಡನೆಯ ಸಲಕ್ಕೆ ತಿಳಿಯಿತು. "ಚಲೋ ಹೇಳ್ಯಾಳ" ಎಂದು ತಲೆ ಆಡಿಸಿದ. ಬಾಗಿಲ ಹತ್ತಿರ ವೈನಿ ಖಾಲಿ ಕಪ್ಪು ಹಿಡಿದು ನಿಂತಿದ್ದಳು. ಅಣ್ಣ ಆಕೆಯ ಕಡೆ ತಿರುಗಿದ. ಯಾವಾಗಲೂ ನಗಿಸಲು ಕೇಳುತ್ತಿದ್ದ ಮಾತನ್ನು ನಗದೇ ಕೇಳಿದ.

"ನೀ ಅವತ್ತ ಏನ ಹೇಳಿದ್ದಿ?"

ವೈನಿ ಕಪ್ಪು ಕೆಳಗಿಟ್ಟಳು. ಒಮ್ಮೆ ಹೇಳೇನಿ ಮುಗೀತ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು, ಅವನ ಕಿವಿಗೆ ಬಗ್ಗಿ, ರಸ್ತೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಹೊಲಕ್ಕ ನೀರ ಚಂದ, ನೀರಿಗೆ ಬದುವ ಚಂದ" ಎಂದು ಶುರು ಮಾಡಿ, ಅಣ್ಣನ ಹೆಸರು ಹಿಡಿದು, "ಅವರ ಮನಿಗೆ ನಾನ ಚಂದ" ಎಂದು ಮುಗಿಸಿದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಮದುಮಗಳಂತೆ ನಾಚಿ ಕೆಂಪಾಗಿದ್ದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ತೆರೆದು ಹೇಳಿದ: "ಅರ್ಧ ಕೇಳಿಸ್ತ. ನೀರ ಅಂದಿ. ನನ್ನ ಹೆಸರ ಬಂತ. ಈ ಕಾರ್ಖಾನಿ ಸಪ್ಪಳ ಒಂದ ನಿಂತಿದ್ರ ಪೂರ್ತಿ ಕೇಳತಿತ್ತ."

ವೈನಿ ನನ್ನನ್ನು ನೋಡಿದಳು. ಹೊರಗೆ ಮನೆಯ ಮಾಳಿಗೆಯಿಂದ ಹನಿ ಬೀಳುವುದು ಬಿಟ್ಟರೆ ಬೇರೆ ಯಾವ ಸದ್ದೂ ಇರಲಿಲ್ಲ.

"ಹಂಗಾಮ ಮುಗದ ಕಾರ್ಖಾನಿ ಬಂದ್ ಆಗಿ ಬಾಳ ದಿನಾತ್ರಿ" ಅಂದಳು ವೈನಿ. ಅವನಿಗೆ ತಿಳಿಯದ್ದರಿಂದ ಕೈಯಿಂದ ಹೊರಗೆ ತೋರಿಸಿ, ಇಲ್ಲ ಅಂತ ಸನ್ನೆ ಮಾಡಿದಳು.

"ರಿಪೇರಿ ನಡಸಿರಬೇಕ. ಹಗಲೂ ರಾತ್ರಿ ಗುಂಯ್ ಅಂತೈತಿ" ಅಂದ. ವೈನಿ ಮತ್ತೆ ಇಲ್ಲ ಅಂತ ಕೈ ಆಡಿಸಿದ್ದು ನೋಡಿ, ಎದ್ದು ಸ್ಟುಡಿಯೊ ದಾಟಿ ರಸ್ತೆಗೆ ಹೋದ. ನಾನೂ ಹಿಂದೆ ಹೋದೆ. ಅಲ್ಲಿಂದ ಕಾರ್ಖಾನೆಯ ಚಿಮಣಿ ನೇರವಾಗಿ ಕಾಣುತ್ತದೆ. ಹೊಗೆ ಇರಲಿಲ್ಲ. ಅಂಗಳ ಬರಿದಾಗಿತ್ತು, ಗೇಟಿಗೆ ಸರಪಳಿ ಹಾಕಿತ್ತು, ಕಬ್ಬಿನ ಗಾಡಿ ನಿಲ್ಲುವ ಜಾಗದಲ್ಲಿ ಮಳೆನೀರು ನಿಂತು ಹುಲ್ಲು ಬೆಳೆದಿತ್ತು. ಅವನು ಚಿಮಣಿಯನ್ನು ನೋಡಿದ, ಗೇಟು ನೋಡಿದ, ಮತ್ತೆ ಚಿಮಣಿ ನೋಡಿದ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವುದಕ್ಕೆ ಇಷ್ಟು ಕಾಲದಲ್ಲಿ ರೂಢಿಯಾಗಿತ್ತಲ್ಲ ಅವನಿಗೆ. ಎರಡೂ ಅಂಗೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡ, ತೆಗೆದ, ಮತ್ತೆ ಮುಚ್ಚಿಕೊಂಡ.

"ಹಂಗಾದ್ರ ಇದೇನ ಸಪ್ಪಳ?" ಎಂದು ನನ್ನನ್ನು ಕೇಳಿದ.

ನನಗೆ ಜಗಳ ಗೊತ್ತು, ಬೈಯುವುದು ಗೊತ್ತು. ಅವೆರಡನ್ನೂ ಬಿಟ್ಟು, ಅವನ ಕಿವಿಯನ್ನು ಬೆರಳಿನಿಂದ ಮುಟ್ಟಿ, ಇಲ್ಲೇ ಅಂತ ತೋರಿಸಿದೆ. ಅವನ ಕೈ ಹಿಡಿದುಕೊಂಡು ನಿಂತೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ನಮ್ಮಿಬ್ಬರನ್ನು ನೋಡಿ, ಏನಾತ್ರಿ ಅಂತ ಕೇಳಿದ. ಅಣ್ಣ ಈ ಸಲ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. "ನನಗ ಕೇಳೂದಿಲ್ಲ ಕಾಕಾ, ಜೋರ್ ಹೇಳ" ಅಂದ.

ಒಳಗೆ ಬಂದು, ಹೆಡ್‌ಫೋನನ್ನು ಮೊಳೆಗೆ ತೂಗಿಹಾಕಿ, ಮಿರಜಿಗೆ ಮೊದಲನೆಯ ಗಾಡಿ ಎಷ್ಟಕ್ಕಿದೆ ಎಂದು ವೈನಿಯನ್ನು ಕೇಳಿದ.